ಪ್ಯಾಕ್ ಮಾಡಿದವರ ಸಹಿ

ಅವರ ಎಡಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿತ್ತು. ಯಾವ ಕಾಲದಲ್ಲೋ ಸುತ್ತಿಗೆಯ ಏಟು ಬಿದ್ದು ಹಾಗಾದದ್ದಂತೆ. ಒಂದು ಅರ್ಧ ಎಲ್ಲರ ಉಗುರಿನ ಹಾಗೇ ಇತ್ತು. ಇನ್ನೊಂದು ಅರ್ಧ ಕಪ್ಪಗೆ, ದಪ್ಪಗೆ, ಒಣಕೊಬ್ಬರಿಯ ಸಿಪ್ಪೆಯ ಹಾಗೆ. ರಟ್ಟಿನ ಮೇಲೆ ಬ್ರೌನ್ ಟೇಪು ಎಳೆದು ಅಂಟಿಸಿದ ಮೇಲೆ ಆ ಕಪ್ಪು ಅರ್ಧದಿಂದ ಅದರ ಅಂಚನ್ನು ಈ ಕೊನೆಯಿಂದ ಆ ಕೊನೆಯವರೆಗೆ ತೀಡುತ್ತಿದ್ದರು. ಚರ್ರೆಂದು ಒಂದು ಸದ್ದು. ಆಮೇಲೆ ಆ ಟೇಪು ಯಾರ ಮಾತೂ ಕೇಳುತ್ತಿರಲಿಲ್ಲ. ಬಿಚ್ಚಬೇಕೆಂದರೆ ರಟ್ಟನ್ನೂ ಹರಿಯಬೇಕಿತ್ತು.

ಶ್ರೀಗಂಧದ ಕಾವಲಿನಲ್ಲಿ ನಾನೂ ಅಮ್ಮನೂ ಬಾಡಿಗೆಗಿರುವ ಮನೆಯ ಎದುರುಮನೆ ಅವರದು. ನನಗೆ ಅವರು ಎದುರುಮನೆ ಅಂಕಲ್. ಒಂದು ಯಂತ್ರದ ಕಾರ್ಖಾನೆಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕೆಲಸಕ್ಕೆ ಸೇರಿ, ಅದೇ ಸೆಕ್ಷನ್ನಿನಿಂದ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗ, ಸೊಸೆಯ ಜೊತೆಗಿದ್ದರು. ಕಾರಿಲ್ಲದ ಕಾರ್ ಷೆಡ್ಡಿನಲ್ಲಿ ಒಂದು ಹಳೆಯ ಬೆಂಚು, ಅದರ ಮೇಲೆ ಸ್ಕೇಲು, ಕತ್ತರಿ, ಹಗ್ಗದ ಉಂಡೆ. ಬೀದಿಯಲ್ಲಿ ಯಾರಾದರೂ ಫ್ರಿಜ್ಜೋ ಟಿ.ವಿ.ಯೋ ಕೊಂಡರೆ ಅದರ ಪೆಟ್ಟಿಗೆ ಸಂಜೆಯೊಳಗೆ ಅವರ ಷೆಡ್ಡಿನಲ್ಲಿ ಮಡಚಿಕೊಂಡು ಗೋಡೆಗೊರಗಿರುತ್ತಿತ್ತು. ಯಾತಕ್ಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ನಾನು ಕೆಲಸ ಮಾಡುವುದು ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಅಂಗಡಿಗಳ ಕರಪತ್ರ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಕೊಡುವ ಕೆಲಸ. ವಾರವಿಡೀ ಅದೇ ಗಣೇಶ, ಅದೇ ಬಾಳೆಕಂಬ, ಅದೇ ಚಿನ್ನದ ಬಣ್ಣದ ಅಕ್ಷರ. ಭಾನುವಾರ ಮಾತ್ರ ಕ್ಯಾಮೆರಾ ಹಿಡಿದು ಹೊರಟುಬಿಡುತ್ತಿದ್ದೆ. ದೂರವೇನೂ ಹೋಗುತ್ತಿರಲಿಲ್ಲ. ಹೆಗ್ಗನಹಳ್ಳಿಯಲ್ಲಿ ನಾಲ್ಕಂತಸ್ತಿನ ಕಟ್ಟಡಗಳ ಸಂದಿಯಲ್ಲಿ ಉಳಿದುಕೊಂಡಿದ್ದ ಒಂದು ಹೆಂಚಿನ ಮನೆ, ಅದರ ಜಗಲಿಗೆ ಕಟ್ಟಿದ ಎಮ್ಮೆ. ಇಸ್ತ್ರಿ ಗಾಡಿಯ ಮೇಲೆ ಮಡಚಿಟ್ಟ ಪೊಲೀಸ್ ಸಮವಸ್ತ್ರ. ನಾಗರಬಾವಿಯ ಪಿ.ಜಿ.ಯೊಂದರ ಮೆಟ್ಟಿಲುಗಳ ಮೇಲೆ ಹುಡುಗಿಯರು ಬಿಟ್ಟುಹೋದ ಮೂವತ್ತು ನಲವತ್ತು ಜೊತೆ ಚಪ್ಪಲಿ. ಇಂಥವು.

ಪ್ರೆಸ್ಸಿನ ಗೆಳತಿಯೊಬ್ಬಳು ಹೇಳಿದ ಮಾತು ಕೇಳಿ ಈ ಫೋಟೊಗಳ ಪ್ರಿಂಟುಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟೆ. ಫೋಟೊ ತೆಗೆಯುವುದು ಕಷ್ಟ, ಮಾರುವುದು ಸುಲಭ ಎಂದುಕೊಂಡಿದ್ದೆ. ಆ ವೆಬ್‌ಸೈಟಿನಲ್ಲಿ ಒಂದೊಂದು ಚಿತ್ರ ಏರಿಸುವಾಗಲೂ ಒಂದು ಫಾರಂ ತುಂಬಬೇಕು. ಈ ಚಿತ್ರ ಯಾವ ಕೋಣೆಗೆ ಒಪ್ಪುತ್ತದೆ? ಹಾಲಿಗೋ, ಮಲಗುವ ಕೋಣೆಗೋ, ಪೂಜೆ ಕೋಣೆಗೋ? ಯಾವ ದಿಕ್ಕಿನ ಗೋಡೆಗೆ ಶುಭ? ನಲವತ್ತು ಜೊತೆ ಚಪ್ಪಲಿ ಯಾವ ದಿಕ್ಕಿಗೆ ಶುಭ ಎಂದು ನಾನು ಬರೆಯಲಿ? ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗುವುದಿಲ್ಲ. ಈಶಾನ್ಯ ಎಂದು ಒತ್ತಿ ಕೈತೊಳೆದುಕೊಂಡೆ.

ಎರಡು ತಿಂಗಳು ಕಾದ ಮೇಲೆ ಒಬ್ಬರು ಎಮ್ಮೆಯ ಚಿತ್ರ ಕೊಂಡರು. ಒಳ್ಳೆಯ ಕಾಗದದ ಮೇಲೆ ಪ್ರಿಂಟು ಹಾಕಿಸಿ, ಸುರುಳಿ ಸುತ್ತಿ, ಮೇಲೆ ಗುಳ್ಳೆ ಪ್ಲಾಸ್ಟಿಕ್ ಹೊದಿಸಿ ಕಳಿಸಿದೆ. ಒಂಬತ್ತನೆಯ ದಿನ ಅದು ವಾಪಸ್ಸು ಬಂತು. ಕೊರಿಯರಿನವರು ಗೇಟಿನ ಮೇಲಿಂದಲೇ ಒಳಕ್ಕೆಸೆದು ಹೋದರು. ನಾನು ಅದನ್ನು ಎತ್ತಿಕೊಂಡು ನಿಂತಿದ್ದೆ. ಎಮ್ಮೆಯ ಬೆನ್ನಿಗೆ ಅಡ್ಡಲಾಗಿ ಮೂರು ಬಿಳಿಯ ಗೆರೆ ಬಿದ್ದಿದ್ದವು.

ಎದುರುಮನೆಯಿಂದ ಅಂಕಲ್ ದಾಟಿ ಬಂದರು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ನೀರು ಬಂತಾ, ಕರೆಂಟು ಹೋಯ್ತಾ ಎನ್ನುವಷ್ಟೇ ಮಾತು.

"ಯಾರಮ್ಮ ಇದನ್ನ ಪ್ಯಾಕ್ ಮಾಡಿದ್ದು?"

"ನಾನೇ ಅಂಕಲ್."

"ಚಪಾತಿ ಸುತ್ತಿದಂಗೆ ಸುತ್ತಿದೀಯಲ್ಲ!"

ನನಗೆ ಮೊದಲೇ ಅಳು ಬರುವಂತಿತ್ತು. "ಎಲ್ರೂ ಹಿಂಗೇ ಕಳಿಸೋದು ಅಂಕಲ್. ಅವರು ಎಸೆದ್ರೆ ನಾನೇನ್ ಮಾಡ್ಲಿ?" ಎಂದೆ.

"ಅವರು ಎಸೀತಾರೆ ಅಂತಾನೇ ಪ್ಯಾಕ್ ಮಾಡೋದು. ಎಸೀದೇ ಇದ್ದಿದ್ರೆ ಕೈಯಲ್ಲೇ ಕೊಟ್ಟು ಕಳಿಸಬಹುದಿತ್ತಲ್ಲ? ಇನ್ನೊಂದು ಪ್ರಿಂಟ್ ಹಾಕಿಸ್ಕೊಂಡು ಬಾ. ಸುತ್ತಬೇಡ. ಹಂಗೇ ತಾ."

ಹಾಗೆ ಶುರುವಾಯಿತು. ಪೆಟ್ಟಿಗೆಯ ರಟ್ಟಿನೊಳಗೆ ಅಲೆಅಲೆಯಾಗಿ ಗೆರೆಗಳಿರುತ್ತವಲ್ಲ, ಒಂದು ಹಾಳೆಯಲ್ಲಿ ಆ ಗೆರೆ ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ ಬರುವಂತೆ ಕತ್ತರಿಸಿ ನಡುವೆ ಪ್ರಿಂಟು ಇಡುತ್ತಿದ್ದರು. ಆಗ ಅದು ಯಾವ ಕಡೆಗೂ ಬಗ್ಗುವುದಿಲ್ಲ. ನಾಲ್ಕು ಮೂಲೆಗೂ ರಟ್ಟಿನದೇ ಟೋಪಿ. ಗುಳ್ಳೆ ಪ್ಲಾಸ್ಟಿಕ್ಕನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. "ಅದು ಮಕ್ಕಳು ಪಟಪಟ ಅನಿಸೋಕೆ" ಎನ್ನುತ್ತಿದ್ದರು. ಕೊನೆಗೆ ಗೆಣ್ಣಿನಿಂದ ಪೊಟ್ಟಣವನ್ನು ತಟ್ಟಿ ಕಿವಿಗೊಡುವರು, ಕಲ್ಲಂಗಡಿ ಹಣ್ಣು ಕೊಳ್ಳುವವರ ಹಾಗೆ. ಸದ್ದು ಸರಿ ಬರದಿದ್ದರೆ ಬಿಚ್ಚಿ ಮತ್ತೆ ಮೊದಲಿನಿಂದ. ಪ್ರೆಸ್ಸಿಗೆ ಹೊತ್ತಾಗುತ್ತದೆ ಎಂದು ನಾನು ಗಡಿಯಾರ ನೋಡುತ್ತಾ ನಿಂತಿದ್ದರೂ ಅವರಿಗೆ ಲೆಕ್ಕವಿಲ್ಲ.

ಮತ್ತೆ ಆ ಚೀಟಿ. ಪ್ರತಿ ಪೊಟ್ಟಣದೊಳಗೂ ಅವರದೇ ಕೈಬರಹದಲ್ಲಿ ಒಂದು ಚೀಟಿ ಹೋಗಲೇಬೇಕಿತ್ತು. ಒಳಗಿರುವುದು: ಫೋಟೊ ಒಂದು. ತೆಗೆದ ಜಾಗ: ಹೆಗ್ಗನಹಳ್ಳಿ. ತೆಗೆದವರು: ನನ್ನ ಹೆಸರು. ಪ್ಯಾಕ್ ಮಾಡಿದವರು: ಅವರ ಸಹಿ. ಕಾರ್ಖಾನೆಯಲ್ಲಿ ಹಾಗೇ ನಡೆಯುತ್ತಿತ್ತಂತೆ. ಯಂತ್ರ ತಲುಪಿದ ಮೇಲೆ ಏನಾದರೂ ಮುರಿದಿದ್ದರೆ ಸಹಿ ಹಾಕಿದವನನ್ನೇ ಕರೆದು ಕೇಳುವರು.

"ಇದನ್ನ ಯಾರೂ ಓದಲ್ಲ ಅಂಕಲ್" ಎಂದೆ ಒಂದು ದಿನ.

"ಓದ್ಲಿ ಅಂತ ಬರೆಯಲ್ಲ. ಕಳಿಸಿದ್ದು ನಾನು ಅಂತ ನನಗೆ ಗೊತ್ತಿರ್ಲಿ ಅಂತ ಬರೀತೀನಿ."

ಫೋಟೊಗಳ ಬಗ್ಗೆ ಮಾತ್ರ ಅವರು ಒಂದು ಮಾತೂ ಆಡುತ್ತಿರಲಿಲ್ಲ. ಚೆನ್ನಾಗಿದೆಯಾ ಎಂದು ನಾಚಿಕೆ ಬಿಟ್ಟು ಕೇಳಿದರೆ, "ಒಳಗಿರೋದು ಹೆಂಗಿದೆ ಅನ್ನೋದು ನನ್ನ ಕೆಲಸ ಅಲ್ಲ ಕಣಮ್ಮ. ಹೆಂಗೆ ಹೊರಟಿತೋ ಹಂಗೇ ಹೋಗಿ ಸೇರಬೇಕು. ನನ್ನ ಕೆಲಸ ಅಷ್ಟು" ಎಂದುಬಿಡುವರು. ನನಗೆ ಮೈ ಉರಿಯುತ್ತಿತ್ತು. ಕೊಂಡವರೂ ಏನೂ ಹೇಳುತ್ತಿರಲಿಲ್ಲ. ಇಲ್ಲ, ಹೇಳುತ್ತಿದ್ದರು. ವೆಬ್‌ಸೈಟಿನಲ್ಲಿ ನನ್ನ ಚಿತ್ರಗಳ ಕೆಳಗೆ ಐದು ನಕ್ಷತ್ರ ಕೊಟ್ಟು ಬರೆಯುತ್ತಿದ್ದರು: ಪ್ಯಾಕಿಂಗ್ ಸೂಪರ್. ಪ್ಯಾಕಿಂಗ್ ನೋಡಿ ಖುಷಿಯಾಯಿತು. ಇಷ್ಟು ಚೆಂದದ ಪ್ಯಾಕಿಂಗ್ ಎಲ್ಲೂ ಕಂಡಿಲ್ಲ. ಒಬ್ಬ ಮಹಾನುಭಾವರಂತೂ ಬಿಚ್ಚಿದ ರಟ್ಟಿನ ಫೋಟೊವನ್ನೇ ಹಾಕಿದ್ದರು. ನನ್ನ ಫೋಟೊ ಅದರ ಪಕ್ಕದಲ್ಲಿ ಮಗುಚಿಕೊಂಡು ಬಿದ್ದಿತ್ತು. ಈ ಮಾತುಗಳನ್ನು ಅಂಕಲ್‌ಗೆ ಓದಿ ಹೇಳಿದಾಗ ಅವರು ನಕ್ಕದ್ದು, ಅಷ್ಟು ದಿನದಲ್ಲಿ ಅದೇ ಮೊದಲು. ಕಾಫಿ ತಂದ ಸೊಸೆಗೆ, "ಇನ್ನೊಂದ್ಸಲ ಓದ್ತಾಳೆ, ಕೇಳು" ಎಂದರು. ನಾನು ಹಲ್ಲು ಕಚ್ಚಿಕೊಂಡು ಇನ್ನೊಂದು ಸಲ ಓದಿದೆ.

ಒಮ್ಮೆ ದೂರದ ಊರಿನವರೊಬ್ಬರು ಪ್ರಿಂಟಿನ ಮೂಲೆ ಜಜ್ಜಿಹೋಗಿದೆ ಎಂದು ದೂರು ಕೊಟ್ಟರು. ಅಂಕಲ್ ಒಪ್ಪಲೇ ಇಲ್ಲ. "ಸಾಧ್ಯಾನೇ ಇಲ್ಲ. ತೆಗೆಯೋವಾಗ ಬೀಳಿಸಿಕೊಂಡಿದಾರೆ." ಮರುದಿನ ಕೊರಿಯರಿನವರು ಬೇರೊಂದು ಪೊಟ್ಟಣ ಒಯ್ಯಲು ಬಂದಾಗ ಅದನ್ನೆತ್ತಿಕೊಂಡು ಮಹಡಿ ಹತ್ತಿದರು. ಏನು ಮಾಡುತ್ತಿದ್ದಾರೆ ಎಂದು ನಮಗೆ ಹೊಳೆಯುವಷ್ಟರಲ್ಲಿ ತಾರಸಿಯಿಂದ ಬೀದಿಗೆ ಬಿಟ್ಟುಬಿಟ್ಟರು. ಅದು ಮೂಲೆಯೂರಿ ಬಿದ್ದು, ಎಗರಿ, ಚರಂಡಿಯ ಚಪ್ಪಡಿಯ ಮೇಲೆ ನಿಂತಿತು.

"ಅಂಕಲ್! ನಿಮ್ದೇ ಮಾಲು ಅಲ್ವಾ ಅದು?" ಎಂದು ಕೊರಿಯರಿನವರು ಕೂಗಿದರು.

"ಬಿಚ್ಚಿ ನೋಡಿ! ನೀವೇ ಬಿಚ್ಚಿ!"

ಬಿಚ್ಚಿದೆವು. ಪ್ರಿಂಟಿಗೆ ಒಂದು ಗೀರೂ ಇರಲಿಲ್ಲ. ಇಷ್ಟೂ ವಿವರವನ್ನು ನಾನು ವೆಬ್‌ಸೈಟಿಗೆ ಬರೆದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು.

"ಏನಂದ್ರು?" ಎಂದು ಅಂಕಲ್ ಕೇಳಿದರು.

"ನಿಮಗಾದ ಅನುಭವಕ್ಕೆ ವಿಷಾದ ಇದೆ ಅಂತ ಬರೆದಿದಾರೆ. ಆದ್ರೆ ತೀರ್ಮಾನ ಗಿರಾಕಿ ಕಡೆಗೇ."

"ಯಾರು ಬರೆದಿರೋದು? ಹೆಸರಿಲ್ವಾ?"

"ಯಾರೂ ಅಲ್ಲ ಅಂಕಲ್. ಮೆಷಿನ್ನು."

"ಹಂಗಾದ್ರೆ ಜಗಳ ಆಡೋಕೂ ಯಾರೂ ಇಲ್ಲ" ಎಂದರು. ಅಷ್ಟು ದಿನ ನನ್ನೊಳಗೆ ಕುದಿಯುತ್ತಿದ್ದುದಕ್ಕೆ ಹೆಸರು ಸಿಕ್ಕಂತಾಯಿತು.

ಆಮೇಲಿನ ಐದು ತಿಂಗಳು ಒಂದೇ ಒಂದು ಪ್ರಿಂಟೂ ಹೋಗಲಿಲ್ಲ. ಬೆಳಿಗ್ಗೆ ಎದ್ದು ಫೋನು ನೋಡುವುದು, ಮುಖ ಸಿಂಡರಿಸುವುದು, ಅಮ್ಮನ ಮೇಲೆ ರೇಗುವುದು. ಯಾವುದು ಹೆಚ್ಚು ಮಾರಾಟವಾಗುತ್ತಿದೆ ಎಂದು ವೆಬ್‌ಸೈಟು ದಿನವೂ ತೋರಿಸುತ್ತಿತ್ತು: ಓಡುವ ಏಳು ಬಿಳಿ ಕುದುರೆ, ಜಲಪಾತದ ಪಕ್ಕ ಜಿಂಕೆ, ಕಣ್ಣು ಮುಚ್ಚಿದ ಬುದ್ಧ. ಕೊನೆಗೆ ಒಂದು ಭಾನುವಾರ ಹೊರಗೆ ಹೋಗದೆ ಕಂಪ್ಯೂಟರಿನ ಮುಂದೆ ಕೂತೆ. ಚಿತ್ರ ತಯಾರಿಸಿಕೊಡುವ ಒಂದು ಪ್ರೋಗ್ರಾಮಿಗೆ ಏಳು ಕುದುರೆ, ಸೂರ್ಯೋದಯ, ಸಮುದ್ರದ ನೊರೆ ಎಂದು ಬರೆದೆ. ಅರ್ಧ ನಿಮಿಷದಲ್ಲಿ ಚಿತ್ರ ಬಂತು. ಒಂದು ಕುದುರೆಗೆ ಐದು ಕಾಲಿತ್ತು, ಒಂದನ್ನು ಅಳಿಸಿದೆ. ಏಳು ಕುದುರೆಗೆ ವಾಸ್ತುವಿನವರೇ ದಿಕ್ಕು ಹೇಳಿಟ್ಟಿದ್ದರಿಂದ ಈ ಸಲ ಫಾರಂನ ದಿಕ್ಕಿನ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟವೂ ಇರಲಿಲ್ಲ. ನನ್ನ ಫೋಟೊಗಳ ನಡುವೆ ಅದನ್ನೂ ಏರಿಸಿದೆ. ಒಂದೇ ವಾರದಲ್ಲಿ ಮೂರು ಜನ ಕೊಂಡರು.

ಪ್ರಿಂಟುಗಳನ್ನು ತೆಗೆದುಕೊಂಡು ಷೆಡ್ಡಿಗೆ ಹೋದೆ. ಅಂಕಲ್ ರಟ್ಟು ಕತ್ತರಿಸಿ, ಮೂಲೆಗೆ ಟೋಪಿ ಹಾಕಿ, ಚೀಟಿಯ ಮೇಲೆ ಪೆನ್ನೂರಿ ಕೇಳಿದರು.

"ಇದು ಯಾವ ಜಾಗಮ್ಮ?"

"ಜಾಗ ಏನಿಲ್ಲ ಅಂಕಲ್."

"ಏನಿಲ್ಲ ಅಂದ್ರೆ? ಎಲ್ಲಾದ್ರೂ ನಿಂತ್ಕೊಂಡು ತಾನೇ ತೆಗೆದಿರ್ತೀಯ?"

"ತೆಗೆದಿಲ್ಲ. ಕಂಪ್ಯೂಟರಲ್ಲಿ ಮಾಡಿದ್ದು."

ಅವರು ಕನ್ನಡಕ ಮೇಲೆತ್ತಿ ಕುದುರೆಗಳನ್ನು ನೋಡಿದರು. "ಹಂಗಾದ್ರೆ ತೆಗೆದವರು ಅಂತ ಯಾರ ಹೆಸರು ಬರೀಲಿ?"

ಅವರು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ಏನು ಬರೆಯಬೇಕೆಂದು ತಿಳಿಯದೆ ಕೇಳಿದ್ದು. ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ನೆತ್ತಿಗೇರಿತು.

"ಏನೂ ಬರೀಬೇಡಿ ಅಂಕಲ್! ಐದು ತಿಂಗಳು ನಂದು ಒಂದೂ ಹೋಗ್ಲಿಲ್ಲ, ಆಗ ಯಾರಾದ್ರೂ ಕೇಳಿದ್ರಾ? ಒಳಗಿರೋದು ನಿಮ್ಮ ಕೆಲಸ ಅಲ್ಲ ಅಂತ ನೀವೇ ಹೇಳ್ತೀರಲ್ಲ. ಪ್ಯಾಕ್ ಮಾಡಿ, ಸಾಕು."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. "ಸರಿ ಕಣಮ್ಮ" ಎಂದರು. ಮೂರನ್ನೂ ಎಂದಿನಷ್ಟೇ ನಿಧಾನವಾಗಿ, ಎಂದಿನಷ್ಟೇ ಬಿಗಿಯಾಗಿ ಪ್ಯಾಕ್ ಮಾಡಿದರು. ಟೇಪು ತೀಡಿದರು. ತಟ್ಟಿ ನೋಡಿದರು. ನನ್ನ ಕೈಗಿಟ್ಟು, "ಚೆನ್ನಾಗೇ ಹೋಗಿ ಸೇರ್ತವೆ. ನನ್ನ ಸಹಿ ಮಾತ್ರ ಕೇಳಬೇಡ" ಎಂದರು.

ಆಮೇಲೆ ನಾನು ಆ ಷೆಡ್ಡಿಗೆ ಹೋಗಲಿಲ್ಲ. ಅದೇ ವೆಬ್‌ಸೈಟಿನಲ್ಲಿ ಇನ್ನೊಂದು ವ್ಯವಸ್ಥೆಯಿತ್ತು: ನಾವು ಚಿತ್ರ ಏರಿಸಿದರೆ ಸಾಕು, ಪ್ರಿಂಟು, ಫ್ರೇಮು, ರವಾನೆ ಎಲ್ಲ ಅವರದೇ. ಕುದುರೆಗಳನ್ನೂ ನನ್ನ ಫೋಟೊಗಳನ್ನೂ ಅದಕ್ಕೇ ಒಪ್ಪಿಸಿಬಿಟ್ಟೆ. ರಟ್ಟು ಬೇಡ, ಚೀಟಿ ಬೇಡ, ಯಾರ ಮುಖವೂ ನೋಡಬೇಕಾಗಿಲ್ಲ. ಬೆಳಿಗ್ಗೆ ಸ್ಕೂಟರ್ ಹೊರತೆಗೆಯುವಾಗ ಅಂಕಲ್ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿರುತ್ತಿದ್ದರು. "ಹೊರಟ್ಯಾ?" ಎನ್ನುವರು. "ಹೂಂ ಅಂಕಲ್" ಎನ್ನುವೆ. ಬೀದಿಗೆ ಬಂದ ಒಂದು ವಾಷಿಂಗ್ ಮೆಷಿನ್ನಿನ ಪೆಟ್ಟಿಗೆಯನ್ನು ಅವರು ಆಗಲೂ ಎಳೆದುಕೊಂಡು ಹೋದದ್ದನ್ನು ನೋಡಿದೆ. ಆದರೂ ಹೋಗಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ನನ್ನ ಚಪ್ಪಲಿಗಳ ಫೋಟೊ ಮಾರಾಟವಾಯಿತು. ಕೊಂಡವರು ಅದನ್ನು ಗೋಡೆಗೆ ಹಾಕಿ ಅದರ ಚಿತ್ರವನ್ನೂ ಕಳಿಸಿದ್ದರು. ನೋಡಿದೆ. ಉದ್ದಕ್ಕಿದ್ದ ನನ್ನ ಫೋಟೊವನ್ನು ಯಂತ್ರ ತನ್ನ ಫ್ರೇಮಿನ ಅಳತೆಗೆ ತಕ್ಕಂತೆ ಮೇಲೂ ಕೆಳಗೂ ಕತ್ತರಿಸಿ ಚೌಕ ಮಾಡಿತ್ತು. ಬಣ್ಣವನ್ನು ಹೋಳಿ ಹಬ್ಬದಂತೆ ಎಬ್ಬಿಸಿತ್ತು. ಕೊಂಡವರಿಗೆ ಏನೂ ಅನ್ನಿಸಿರಲಿಲ್ಲ. ನೈಸ್ ಎಂದು ಬರೆದಿದ್ದರು. ಯಾರಿಗೆ ಹೇಳುವುದು? ಅಮ್ಮನಿಗೆ ತೋರಿಸಿದೆ. "ಚೆನ್ನಾಗೇ ಇದೆಯಲ್ಲೇ" ಎಂದಳು.

ಫೋನು ಹಿಡಿದುಕೊಂಡು ಬೀದಿ ದಾಟಿದೆ. ಏಳೆಂಟು ತಿಂಗಳ ಮೇಲೆ ಹೋಗುತ್ತಿದ್ದೇನೆ ಎನ್ನುವುದು ಗೇಟು ತೆಗೆಯುವಾಗ ನೆನಪಾಯಿತು. ಅಂಕಲ್ ಏನೂ ಕೇಳದೆ ಬೆಂಚಿನಲ್ಲಿ ಸರಿದು ಜಾಗ ಮಾಡಿದರು. ಫೋನು ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಮೇಲಿನ ಮೆಟ್ಟಿಲು ಎಲ್ಲಿ?" ಎಂದರು.

ನಾನು ಫೋನಿನ ಮೇಲೆ ಬಗ್ಗಿದೆ.

"ಮೇಲ್ಗಡೆ ಒಂದು ಕೆಂಪು ಹವಾಯಿ ಚಪ್ಪಲಿ ಇತ್ತಲ್ಲ, ಒಂಟಿದು, ಮಗುಚಿ ಬಿದ್ದಿತ್ತು? ಉಂಗುಷ್ಟಕ್ಕೆ ಪಿನ್ನು ಹಾಕಿದ್ರು. ಅದನ್ನೇ ಕಿತ್ತಾಕಿದಾರಲ್ಲಮ್ಮ! ಅದಿಲ್ದೆ ಇದ್ರೆ ಇದು ಬರೀ ಚಪ್ಪಲಿ ಅಂಗಡಿ."

ಆ ಕೆಂಪು ಚಪ್ಪಲಿಗಾಗಿಯೇ ನಾನು ಆ ಫೋಟೊ ತೆಗೆದದ್ದು. ಯಾರಿಗೂ ಹೇಳಿರಲಿಲ್ಲ. ಪಿನ್ನಿನ ವಿಷಯ ನನಗೇ ಮರೆತುಹೋಗಿತ್ತು. ಆ ಪ್ರಿಂಟನ್ನು ಅವರು ಪ್ಯಾಕ್ ಮಾಡಿದ್ದು ಒಂದೇ ಸಲ, ಅದೂ ಒಂದು ವರ್ಷಕ್ಕೂ ಹಿಂದೆ. ಒಳಗಿರುವುದು ತಮ್ಮ ಕೆಲಸವಲ್ಲ ಎನ್ನುತ್ತಾ ಈ ಮನುಷ್ಯ ಒಂದೊಂದನ್ನೂ ಪಿನ್ನಿನವರೆಗೆ ನೋಡಿ, ನೆನಪಿಟ್ಟುಕೊಂಡು, ಆಮೇಲೆ ಮುಚ್ಚಿ ಕಳಿಸಿದ್ದರು. ನನ್ನ ಫೋಟೊಗಳನ್ನು ಯಾರೂ ನೋಡುವುದಿಲ್ಲ ಎಂದು ಎರಡು ವರ್ಷ ಕೊರಗಿದೆನಲ್ಲ, ನೋಡುತ್ತಿದ್ದವರು ಎದುರುಮನೆಯಲ್ಲೇ ಇದ್ದರು. ನನಗೆ ಸಂತೋಷವಾಗಬೇಕಿತ್ತು. ಆದರೆ ಬಂದದ್ದು ಸಿಟ್ಟು.

"ಇಷ್ಟೆಲ್ಲ ನೋಡಿದ್ರಲ್ಲ, ಒಂದು ಮಾತು ಹೇಳಬಾರದಿತ್ತಾ ಅಂಕಲ್?"

"ನಂಗೆ ಫೋಟೊ ಬಗ್ಗೆ ಏನ್ ಗೊತ್ತಮ್ಮ? ಏನಾದ್ರೂ ಹೇಳಿ, ತಪ್ಪಾಗಿ, ನೀನು ತೆಗೆಯೋದು ಬಿಟ್ಬಿಟ್ರೆ?" ಎಂದರು.

ಅಂದೇ ಆ ವ್ಯವಸ್ಥೆಯಿಂದ ನನ್ನ ಚಿತ್ರಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡೆ. ಅದಕ್ಕೂ ಒಂದು ಫಾರಂ, ಅದಕ್ಕೂ ಮೂರು ದಿನ. ಕುದುರೆಗಳನ್ನು ಅಳಿಸಿದೆ. ಮಾರಾಟ ಮತ್ತೆ ಮೊದಲಿನ ಹಾಗೆ ತಿಂಗಳಿಗೊಂದು, ಎರಡು ತಿಂಗಳಿಗೊಂದು. ಆದರೆ ಪ್ರಿಂಟು ಹಿಡಿದು ಷೆಡ್ಡಿಗೆ ಹೋದಾಗ ಅಂಕಲ್ ಈಗ ಒಂದೆರಡು ಮಾತಾಡುತ್ತಿದ್ದರು. ಈ ಮೋಡ ಇದ್ದಿದ್ದು ಒಳ್ಳೇದಾಯ್ತು. ಇದರಲ್ಲಿ ಆ ಲೈಟ್ ಕಂಬ ಯಾಕಮ್ಮ, ಒಂದು ಹೆಜ್ಜೆ ಪಕ್ಕಕ್ಕೆ ಹೋಗಬಹುದಿತ್ತಲ್ಲ. ಒಂದು ಸಂಜೆ ವಾಕಿಂಗ್ ಹೆಸರಿನಲ್ಲಿ ಹೆಗ್ಗನಹಳ್ಳಿಯವರೆಗೂ ಹೋಗಿಬಂದು, "ನಿನ್ನ ಎಮ್ಮೆ ಮನೆ ಕೆಡವ್ತಾ ಇದಾರೆ. ಎಮ್ಮೆ ಕಾಣಿಸಲಿಲ್ಲ" ಎಂದು ಸುದ್ದಿ ತಂದರು.

ಇದು ನಡೆದದ್ದು ನಾಲ್ಕೇ ತಿಂಗಳು. ಒಂದು ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದು ಕೂತರು. ಮಾತು ನಿಂತುಹೋಗಿತ್ತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ನಾನು ಹೋದಾಗ ಕಣ್ಣು ತೆರೆದಿದ್ದರು. ನನ್ನ ಗುರುತು ಹತ್ತಿತೋ ಇಲ್ಲವೋ ಹೇಳಲಾರೆ. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು.

ಮನೆಗೆ ತಂದು ಎಲ್ಲ ಮುಗಿದ ಮೇಲೆ ಅವರ ಸೊಸೆ ನಮ್ಮ ಮನೆಗೆ ಬಂದಳು. "ಅಕ್ಕ, ತಿಥಿ ಕಾರ್ಡು ನಿಮ್ಮ ಪ್ರೆಸ್ಸಲ್ಲೇ ಮಾಡಿಸ್ಕೊಡ್ತೀರಾ? ಗೋಡೆಗೂ ಒಂದು ಫೋಟೊ ಬೇಕು. ಫೋನಲ್ಲಿರೋದೆಲ್ಲ ಅಲ್ಲಾಡಿಹೋಗಿವೆ. ಮದುವೆ ಆಲ್ಬಮ್ಮಲ್ಲಿ ಮಾವ ಬರೀ ಯಾರ್ದೋ ಹಿಂದೆ ನಿಂತಿದಾರೆ. ನಿಮ್ಮತ್ರ ಇರತ್ತಲ್ವಾ? ನೀವು ಅಷ್ಟೊಂದು ಬರ್ತಿದ್ರಿ."

"ಇರತ್ತೆ. ತೆಗೆದುಕೊಡ್ತೀನಿ" ಎಂದೆ.

ಸಂಜೆಯೆಲ್ಲ ಹುಡುಕಿದೆ. ಎಮ್ಮೆ ಇತ್ತು. ಇಸ್ತ್ರಿ ಗಾಡಿ ಇತ್ತು. ಅವರ ಮನೆಯ ಗೇಟು, ಗೇಟಿನ ಮೇಲೆ ಕೂತ ಕಾಗೆ, ಅವರ ಷೆಡ್ಡಿನ ಗೋಡೆಗೆ ಒರಗಿದ ರಟ್ಟುಗಳ ಮೇಲೆ ಬಿದ್ದ ಬಿಸಿಲು, ಅದೂ ಹದಿನಾರು ಸಲ, ಬೇರೆ ಬೇರೆ ಕೋನದಿಂದ. ಅವರು ಮಾತ್ರ ಇರಲಿಲ್ಲ. ಕೊನೆಗೆ ಐದಾರು ಚಿತ್ರ ಸಿಕ್ಕಿದವು, ಪ್ಯಾಕಿಂಗ್ ತೋರಿಸಲು ವೆಬ್‌ಸೈಟಿಗೆಂದು ತೆಗೆದವು. ಎರಡು ಕೈ, ಕತ್ತರಿ, ರಟ್ಟು. ಕುತ್ತಿಗೆಯಿಂದ ಮೇಲಕ್ಕೆ ಏನೂ ಇಲ್ಲ. ಅಂದು ನಾನು ಕ್ಯಾಮೆರಾ ತರುತ್ತೇನೆಂದು ತಿಳಿದು ಅವರು ಒಗೆದ ಬಿಳಿ ಅಂಗಿ ಹಾಕಿ ತಲೆ ಬಾಚಿಕೊಂಡು ಕೂತಿದ್ದರು. "ಕೈ ಮಾತ್ರ ಸಾಕು ಅಂಕಲ್" ಎಂದಿದ್ದೆ.

ಸೊಸೆಗೆ ಇಲ್ಲ ಎಂದು ಹೇಳುವಾಗ ನೆಲ ನೋಡುತ್ತಿದ್ದೆ. ಅವಳು ಬೀರುವಿನಿಂದ ಅವರ ಕಾರ್ಖಾನೆಯ ಹಳೆಯ ಗುರುತಿನ ಚೀಟಿ ತಂದುಕೊಟ್ಟಳು. ಅದರಲ್ಲಿದ್ದ ಫೋಟೊ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು, ಬಲಭುಜದ ಮೇಲೆ ಕಾರ್ಖಾನೆಯ ಮೊಹರು. ಅದನ್ನೇ ಸ್ಕ್ಯಾನ್ ಮಾಡಿ ಹಿಗ್ಗಿಸಿದೆ. ಮಸುಕಾಗಿ, ಮರಳು ಮರಳಾಗಿ ಒಡೆಯಿತು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಮುಖವನ್ನು ಸ್ಪಷ್ಟ ಮಾಡುವ ಒಂದು ಬಟನ್ ಇದೆ. ಒತ್ತಿದೆ. ಕಣ್ಣು ಹೊಳೆಯಿತು, ಕೆನ್ನೆ ನುಣ್ಣಗಾಯಿತು, ಮೊಹರು ಮಾಯವಾಯಿತು. ಯಾರೋ ಒಬ್ಬ ಸ್ಫುರದ್ರೂಪಿ ನನ್ನನ್ನು ನೋಡಿ ನಗುತ್ತಿದ್ದ. ಅವನು ಯಾರೆಂದು ನನಗೆ ಗೊತ್ತಿಲ್ಲ. ಅಳಿಸಿದೆ. ಮಸುಕನ್ನೂ ಮೊಹರನ್ನೂ ಹಾಗೆಯೇ ಬಿಟ್ಟು ಪ್ರಿಂಟು ಹಾಕಿಸಿದೆ.

ಮಗ ಅದನ್ನು ನೋಡಿ, "ಇನ್ನೂ ಸ್ವಲ್ಪ ಕ್ಲಿಯರ್ ಮಾಡಬಹುದಿತ್ತೇನೋ ಅಲ್ವಾ?" ಎಂದರು. "ಇಲ್ಲ, ಇದ್ದಿದ್ದೇ ಇಷ್ಟು" ಎಂದೆ. ಅವರು ಅದನ್ನು ಹಾಲಿನಲ್ಲಿ, ಟಿ.ವಿ. ಇರುವ ಗೋಡೆಗೆ ಹಾಕಿದ್ದಾರೆ. ಬಾಗಿಲು ತೆರೆದಿದ್ದರೆ ನಮ್ಮ ಮನೆಯ ಗೇಟಿನಿಂದಲೇ ಕಾಣುತ್ತದೆ. ನನ್ನ ಕೈಯಿಂದ ಹೊರಟ ಪ್ರಿಂಟುಗಳಲ್ಲಿ ಯಾರ ಮನೆಯ ಯಾವ ಗೋಡೆಯ ಮೇಲಿದೆ ಎಂದು ನಾನು ದಿನವೂ ನೋಡಬಲ್ಲದ್ದು ಅದೊಂದೇ. ಅದೂ ನಾನು ತೆಗೆದದ್ದಲ್ಲ.